ವೇತನ ಮಿತಿಯೊಳಗಿನ ಚೌಕಾಸಿ

ಹಾಕಿ ಎಂದೊಡನೆ ನಮಗೆ ನೆನಪಾಗುವುದು ಮೈದಾನದ ಆಟ. ಇಲ್ಲಿ ಪ್ರಸ್ತಾಪಿಸುತ್ತಿರುವುದು ಅಮೆರಿಕ ಹಾಗೂ ಕೆನಡಾಗಳಲ್ಲಿ ಮಂಜುಗಡ್ಡೆಯ ಮೇಲೆ ನಡೆಯುವ ನ್ಯಾಷನಲ್ ಹಾಕಿ ಲೀಗ್‌ನ ವಿಷಯ. ಆಟದಲ್ಲಿ ಆಸಕ್ತಿ ಇಲ್ಲದವರೂ ಅದರ ಕರಾರು ಪದ್ಧತಿಯನ್ನು ಗಮನಿಸುವುದು ಉಚಿತ.

ತಂಡಗಳ ಮಾಲೀಕರಿಗೂ ಆಟಗಾರರ ಸಂಘಕ್ಕೂ ವೇತನದ ವಿಚಾರದಲ್ಲಿ ಒಮ್ಮತ ಮೂಡದೆ 2004-05ರ ಇಡೀ ಋತು ರದ್ದಾಯಿತು. ಅದರ ಫಲವಾಗಿ 2005-06ರಲ್ಲಿ ಪ್ರತಿ ತಂಡದ ಒಟ್ಟು ವೇತನಕ್ಕೆ 3 ಕೋಟಿ 90 ಲಕ್ಷ ಡಾಲರ್ ಮಿತಿ ಜಾರಿಗೆ ಬಂದಿತು. 2025-26ರಲ್ಲಿ ಅದು 9 ಕೋಟಿ 55 ಲಕ್ಷ ಡಾಲರ್ ಆಯಿತು. ಕೊಳ್ಳುವವರೆಲ್ಲ ಒಟ್ಟುಗೂಡಿ ದರಕ್ಕೆ ಮಿತಿ ಹಾಕಿಕೊಂಡರೆ ಬೇರಾವ ವ್ಯಾಪಾರದಲ್ಲಾದರೂ ಸ್ಪರ್ಧಾ ಕಾನೂನು ಅಡ್ಡ ಬರುತ್ತದೆ. ಇಲ್ಲಿ ಸಂಘದೊಡನೆ ಸಾಮೂಹಿಕ ಒಪ್ಪಂದ ಆಗಿರುವುದರಿಂದ ಅದು ಊರ್ಜಿತವಾಗಿದೆ.

ಮಿತಿ ಹಾಕಿದ ಮಾತ್ರಕ್ಕೆ ಪೈಪೋಟಿ ನಿಲ್ಲಲಿಲ್ಲ. ಅದು ದರದಿಂದ ಷರತ್ತುಗಳಿಗೆ ಸ್ಥಳಾಂತರಗೊಂಡಿತು. ಮಿತಿಯ ಲೆಕ್ಕಕ್ಕೆ ಹಿಡಿಯುವುದು ಕರಾರಿನ ವಾರ್ಷಿಕ ಸರಾಸರಿಯನ್ನು. 2010ರಲ್ಲಿ ನ್ಯೂಜೆರ್ಸಿ ಡೆವಿಲ್ಸ್ ತಂಡವು ಇಲ್ಯಾ ಕೊವಾಲ್ಚುಕ್‌ಗೆ 17 ವರ್ಷಕ್ಕೆ 10 ಕೋಟಿ 20 ಲಕ್ಷ ಡಾಲರಿನ ಕರಾರು ಬರೆಯಿತು. ಹಣದ ಬಹುಪಾಲು ಆರಂಭದ ವರ್ಷಗಳಿಗೆ. ಕೊನೆಯ ವರ್ಷಗಳಿಗೆ ತಲಾ 5.5 ಲಕ್ಷ ಮಾತ್ರ. ಅವಧಿ ಮುಗಿಯುವಾಗ ಆಟಗಾರನ ವಯಸ್ಸು 44! ಸರಾಸರಿಯನ್ನು ತಗ್ಗಿಸಲೆಂದೇ ಬಾಲ ಉದ್ದ ಮಾಡಿದ್ದಾರೆಂದು ಲೀಗ್ ಅದನ್ನು ತಿರಸ್ಕರಿಸಿತು. ಮಧ್ಯಸ್ಥಗಾರರೂ ಅದನ್ನೇ ಎತ್ತಿಹಿಡಿದರು. 15 ವರ್ಷಗಳ 10 ಕೋಟಿಯ ಕರಾರಿಗೆ ಬಳಿಕ ಅನುಮತಿ ದೊರೆಯಿತು. 2013ರ ಒಪ್ಪಂದವು ಸ್ವಂತ ಆಟಗಾರನಿಗೆ 8, ಹೊರಗಿನವನಿಗೆ 7 ವರ್ಷಗಳ ಗರಿಷ್ಠ ಅವಧಿಯನ್ನು ನಿಗದಿಪಡಿಸಿ ಈ ದಾರಿಯನ್ನು ಮುಚ್ಚಿತು. ಅಷ್ಟರಲ್ಲಿ ಕೊವಾಲ್ಚುಕ್ ಅದೇ ವರ್ಷ ಲೀಗನ್ನೇ ತೊರೆದು ರಷ್ಯಾಕ್ಕೆ ಹಿಂತಿರುಗಿದರು.

ತಾರೆಗಳಿಗೆ ಹೇಗಾದರೂ ಹಣ ಹೊಂದುತ್ತದೆ. ಮಿತಿಯ ಪೆಟ್ಟು ಬೀಳುವುದು ನಡುವಿನವರಿಗೆ. ಈ ಪದ್ಧತಿಯ ಬಗ್ಗೆ ನನ್ನ ಮುಖ್ಯ ಆಕ್ಷೇಪ ಇದೇ. 2010ರಲ್ಲಿ ಶಿಕಾಗೊ ತಂಡ ಸ್ಟ್ಯಾನ್ಲಿ ಕಪ್ ಗೆದ್ದಾಗ ಗೋಲು ಕಾದವರು ಆಂಟಿ ನಿಯೆಮಿ. ಮಧ್ಯಸ್ಥಿಕೆಯಲ್ಲಿ ಅವರಿಗೆ 27.5 ಲಕ್ಷ ಡಾಲರ್ ವೇತನ ತೀರ್ಮಾನವಾಯಿತು. ತೀರ್ಪು ಗೆದ್ದರೂ ಕೆಲಸ ಉಳಿಯಲಿಲ್ಲ: ಮಿತಿಯಲ್ಲಿ ಜಾಗವಿಲ್ಲದ ತಂಡ ಅವರನ್ನು ಕೈಬಿಟ್ಟಿತು. ಅವರು ಸ್ಯಾನ್ ಹೋಸೆ ತಂಡಕ್ಕೆ 20 ಲಕ್ಷಕ್ಕೆ ಸಹಿ ಹಾಕಿದರು. ಅದೇ ಬೇಸಿಗೆಯಲ್ಲಿ ಗೆದ್ದ ತಂಡದ ಇನ್ನೂ ಹಲವರು ಬೇರೆಡೆಗೆ ಹೋಗಬೇಕಾಯಿತು.

ಪಳಗಿದ ಕೆಲಸಗಾರನನ್ನು ಪಕ್ಕದ ಶೆಡ್ಡಿನವರು ಹೆಚ್ಚು ಸಂಬಳ ಕೊಟ್ಟು ಕರೆದೊಯ್ಯುವುದು ನಮ್ಮ ಓದುಗರಿಗೆ ಹೊಸದಲ್ಲ. 2024ರಲ್ಲಿ ಎಡ್ಮಂಟನ್ ತಂಡಕ್ಕೆ ಆದದ್ದೂ ಅದೇ. ಫೈನಲ್‌ನಲ್ಲಿ ಸೋತ ಆ ತಂಡ ಜುಲೈ 1ರಂದೇ ಹೊರಗಿನ ಅನುಭವಿಗಳೊಡನೆ ಕರಾರು ಮಾಡಿಕೊಂಡಿತು. ತನ್ನ ತರುಣರಾದ ಬ್ರೋಬರ್ಗ್, ಹಾಲೋವೇ ಇವರ ಕರಾರುಗಳನ್ನು ಬಾಕಿ ಇರಿಸಿತು. ಆಗಸ್ಟ್‌ನಲ್ಲಿ ಸೇಂಟ್ ಲೂಯಿಸ್ ತಂಡವು ಎರಡೆರಡು ವರ್ಷಕ್ಕೆ, ವರ್ಷಕ್ಕೆ ಕ್ರಮವಾಗಿ ಸುಮಾರು 45.8 ಲಕ್ಷ ಮತ್ತು 22.9 ಲಕ್ಷ ಡಾಲರ್ ನೀಡಲು ಮುಂದಾಯಿತು. ಸರಿಸಮ ಮೊತ್ತ ನೀಡಿ ಉಳಿಸಿಕೊಳ್ಳಲು ಹಳೆಯ ತಂಡಕ್ಕೆ ಏಳು ದಿನಗಳ ಗಡುವು ಇತ್ತು. ಮಿತಿಯ ಅಂಚಿನಲ್ಲಿದ್ದ ಎಡ್ಮಂಟನ್ ಇಬ್ಬರನ್ನೂ ಬಿಟ್ಟುಕೊಟ್ಟಿತು. ಪರಿಹಾರವಾಗಿ ಅದಕ್ಕೆ ದೊರೆತದ್ದು ಹೊಸ ಆಟಗಾರರ ಆಯ್ಕೆಯಲ್ಲಿ ಎರಡನೆಯ ಸುತ್ತಿನ ಒಂದು ಸರದಿ ಮತ್ತು ಮೂರನೆಯ ಸುತ್ತಿನ ಒಂದು ಸರದಿ.