ತುಂಬಿದ್ದು ಟ್ಯಾಂಕೋ, ಕಟ್ಟಿದ್ದು ಪೈಪೋ?

ಒಳಚರಂಡಿ ಇಲ್ಲದ ಊರುಗಳಲ್ಲಿ ಕಕ್ಕಸಿನ ನೀರು ಸೇರುವುದು ಹಿತ್ತಲಿನ ಸೆಪ್ಟಿಕ್ ಟ್ಯಾಂಕಿಗೆ. ಕಣ್ಣಿಗೆ ಬೀಳದ ಈ ತೊಟ್ಟಿಯ ನೆನಪಾಗುವುದು ನೀರು ಹಿಂದಕ್ಕೆ ಉಕ್ಕಿದಾಗಲೇ. ‘ಟ್ಯಾಂಕ್ ತುಂಬಿದೆ’ ಎಂದು ತಕ್ಷಣ ಸಕ್ಕಿಂಗ್ ಯಂತ್ರದ ಲಾರಿ ಕರೆಸುವುದು ರೂಢಿ. ದೋಷ ಬೇರೆಡೆ ಇದ್ದರೆ ಕೊಟ್ಟ ಹಣ ದಂಡ.

ನೀರು ಎಲ್ಲೆಲ್ಲಿ ನಿಂತಿದೆ ಎಂಬುದನ್ನು ಮೊದಲು ಗಮನಿಸಿ. ಒಂದೇ ಕಕ್ಕಸಿನಲ್ಲಿ ನಿಂತಿದ್ದರೆ ಕಟ್ಟಿರುವುದು ಅದರ ಪೈಪು. ಎಲ್ಲ ಕಡೆಯೂ ನಿಂತಿದ್ದರೆ ಟ್ಯಾಂಕಿಗೆ ಮುಂಚೆ ಇರುವ ಛೇಂಬರಿನ ಮುಚ್ಚಳ ತೆಗೆಸಿ ನೋಡಿ. ಛೇಂಬರ್ ಖಾಲಿಯಿದ್ದರೆ ಅಡಚಣೆ ಮನೆಯ ಕಡೆಗೆ. ತುಂಬಿದ್ದರೆ ತೊಂದರೆ ಅದರಾಚೆಗೆ.

ಟ್ಯಾಂಕಿನಲ್ಲಿ ಹೊರಹೋಗುವ ಪೈಪಿನ ಮಟ್ಟದವರೆಗೆ ನೀರು ಸದಾ ಇರುತ್ತದೆ. ಅದು ದೋಷವಲ್ಲ. ತಳದಲ್ಲಿ ಹೂಳು, ಮೇಲೆ ಕೆನೆ, ನಡುವೆ ತಿಳಿನೀರು ಇರಬೇಕು. ಹೂಳು ಹೆಚ್ಚಿದರೆ ಕೊಳೆಯೂ ಇಂಗುಗುಂಡಿಗೆ ಹರಿದು, ಅಲ್ಲಿನ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಆದ್ದರಿಂದ 2-3 ವರ್ಷಕ್ಕೊಮ್ಮೆ ಹೂಳು ತೆಗೆಸುವುದು ಲೇಸು. ಕೊಳೆ ಕರಗಿಸುವುದು ಬ್ಯಾಕ್ಟೀರಿಯಾಗಳು. ಆಸಿಡ್, ಫಿನಾಯಿಲ್ ಧಾರಾಳವಾಗಿ ಸುರಿದರೆ ಅವು ಸಾಯುತ್ತವೆ.

ಟ್ಯಾಂಕಿನ ನೀರು ಆ ಪೈಪನ್ನೂ ಮುಳುಗಿಸಿ ಮೇಲೇರಿದ್ದರೆ? ಪೈಪು ಕಟ್ಟಿರಬೇಕು, ಇಲ್ಲವೇ ಇಂಗುಗುಂಡಿ ನೀರು ಹೀರುತ್ತಿಲ್ಲ. ಕರಾವಳಿ, ಮಲೆನಾಡುಗಳಲ್ಲಿ ಆಷಾಢದ ಮಳೆಗೆ ಅಂತರ್ಜಲ ಏರಿದಾಗ ಇದು ಸಾಮಾನ್ಯ. ಆಗ ಟ್ಯಾಂಕ್ ಖಾಲಿ ಮಾಡಿಸಿದರೂ ಕೆಲವೇ ದಿನಗಳಲ್ಲಿ ಮತ್ತೆ ಅದೇ ಕಥೆ. ಸೂರಿನ ನೀರು ಗುಂಡಿಯತ್ತ ಹರಿಯದಂತೆ ತಿರುಗಿಸಿ. ಸ್ನಾನದ, ಬಟ್ಟೆ ಒಗೆದ ನೀರನ್ನು ತೆಂಗು, ಬಾಳೆಯ ಬುಡಕ್ಕೆ ಬಿಡಿ. ಸೋರುವ ಫ್ಲಷ್ ರಿಪೇರಿ ಮಾಡಿಸಿ. ಹೊಸ ಗುಂಡಿ ತೋಡುವುದಾದರೆ ಕುಡಿಯುವ ನೀರಿನ ಬಾವಿಯಿಂದ 60 ಅಡಿಯಾದರೂ ದೂರವಿರಲಿ.

ಎಷ್ಟೇ ಅವಸರವಿದ್ದರೂ ಒಂದು ಕೆಲಸ ಮಾತ್ರ ಕೂಡದು: ಯಾರನ್ನೂ ಟ್ಯಾಂಕಿನೊಳಗೆ ಇಳಿಸಬೇಡಿ, ನೀವೂ ಇಳಿಯಬೇಡಿ. ಒಳಗಿನ ಹೈಡ್ರೋಜನ್ ಸಲ್ಫೈಡ್ ಅನಿಲ ಕೆಲವೇ ಉಸಿರಿನಲ್ಲಿ ಪ್ರಜ್ಞೆ ತಪ್ಪಿಸಬಲ್ಲದು. ಬಿದ್ದವನನ್ನು ಎತ್ತಲು ಇಳಿದವರೂ ಸತ್ತ ದುರಂತಗಳು ಎಷ್ಟೋ. ರಕ್ಷಣಾ ಸಲಕರಣೆಗಳಿಲ್ಲದೆ ಕೆಲಸಗಾರರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಹೂಳೆತ್ತಲು ಯಂತ್ರವಿದೆ. ಅದು ಬರುವುದು ಎರಡು ದಿನ ತಡವಾದರೆ ಕಾಯಿರಿ. ಅಷ್ಟು ದಿನದ ನಾತಕ್ಕಿಂತ ಜೀವ ದೊಡ್ಡದು.