ಗ್ರೂಪಿನಲ್ಲಿ ಗದ್ದಲ, ಗ್ರಾಮಸಭೆಯಲ್ಲಿ ಖಾಲಿ ಕುರ್ಚಿ

ಗ್ರಾಮ ಪಂಚಾಯಿತಿ ಚುನಾವಣೆಗೆ ನಮ್ಮಲ್ಲಿ ಪಕ್ಷದ ಚಿಹ್ನೆ ಇಲ್ಲ. ಪಕ್ಷ ನೋಡಬೇಡಿ, ಕೆಲಸ ಮಾಡುವವರನ್ನು ನೋಡಿ ಆರಿಸಿ ಎಂಬುದು ಅದರ ಆಶಯ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಊರು ಆಗಲೇ ಹೋಳಾಗಿದೆ. ಆ ಪಕ್ಷದವರದ್ದೊಂದು ಗ್ರೂಪು, ಈ ಪಕ್ಷದವರದ್ದೊಂದು ಗ್ರೂಪು. ಒಂದೇ ಟ್ಯಾಂಕಿನ ನೀರು ಕುಡಿಯುವವರು ಒಂದೇ ಸುದ್ದಿ ಓದುತ್ತಿಲ್ಲ.

ಗ್ರೂಪಿನಲ್ಲಿ ನಡೆಯುವ ಮಾತನ್ನೇ ನೋಡಿ. ದೆಹಲಿಯ ನಾಯಕರೊಬ್ಬರು ಆಡಿದ ಮಾತಿಗೆ ಬೆಳಗಿನಿಂದ ರಾತ್ರಿವರೆಗೆ ಜಗಳ. ಶಾಲೆ ಸೋರುತ್ತಿದೆ, ನರೇಗಾ ಕೂಲಿ ಬಂದಿಲ್ಲ ಎಂದು ಯಾರಾದರೂ ಹಾಕಿದರೆ ಒಂದು ಹೆಬ್ಬೆಟ್ಟು, ಅಷ್ಟೇ. ಸಿಟ್ಟು ಬರಿಸುವ ಮಾತು ಓಡುತ್ತದೆ, ಲೆಕ್ಕ ಕೇಳುವ ಮಾತು ಕೂತಲ್ಲೇ ಕೂರುತ್ತದೆ. ಫೇಸ್‌ಬುಕ್, ಯೂಟ್ಯೂಬ್‌ಗಳಿಗೆ ನಾವು ನೋಡುವ ಹೊತ್ತೇ ದುಡ್ಡು. ನಮ್ಮನ್ನು ಹಿಡಿದು ಕೂರಿಸುವುದನ್ನೇ ಅವು ಮುಂದೆ ತಳ್ಳುತ್ತವೆ.

ರಾಜಕಾರಣಿಗಳು ಈ ಪಾಠವನ್ನು ಬೇಗ ಕಲಿತರು. ಸಭೆಗಳ ವರದಿಗೆ ಹೋಗುವ ನಮಗೆ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಭಾಷಣ ಎದುರು ಕೂತ ಜನರಿಗಲ್ಲ, ಎದುರಿಗಿರುವ ಮೊಬೈಲಿಗೆ. ಮೂವತ್ತು ಸೆಕೆಂಡಿನ ರೀಲ್ಸ್‌ಗೆ ಒಂದು ಬೈಗುಳ ಸಾಕು. ಕೆರೆ ಹೂಳೆತ್ತುವುದು ಯಾವಾಗ ಎಂಬ ಉತ್ತರ ಅದರಲ್ಲಿ ಹಿಡಿಸುವುದಿಲ್ಲ.

ಬರೀ ಮಾತು ತಾನೇ, ಏನಾಗುತ್ತದೆ ಎನ್ನಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ಸುದ್ದಿ ನಂಬಿದ ಜನ ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರನ್ನು ಹೊಡೆದು ಕೊಂದರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್‌ಗೆ 5ರ ಮಿತಿ ಹಾಕಿತು. ಮಿತಿ ಸಂಖ್ಯೆಗೆ ಮಾತ್ರ, ನಂಬಿಕೆಗಲ್ಲ. ಕಳಿಸಿದವನು ಸೋದರಮಾವನ ಮಗ ಎಂದಾದರೆ ನಿಜವೋ ಸುಳ್ಳೋ ಎಂದು ಕೇಳುವವರು ಯಾರು?

ಹಾಗೆಂದು ಫೋನು ಬಿಸಾಡಿ ಎಂದು ನಾವು ಹೇಳುವುದಿಲ್ಲ. ಹಿಂದೆ ಅರಳಿಕಟ್ಟೆಯ ಮೇಲೆ ಎಲ್ಲರಿಗೂ ಜಾಗ ಇರಲಿಲ್ಲ. ಜಮೀನಿದ್ದವರ ಮಾತೇ ಮಾತು. ಇವತ್ತು ಕೇರಿಯ ಹುಡುಗನೊಬ್ಬ ಕಿತ್ತುಹೋದ ಚರಂಡಿಯ ವಿಡಿಯೊ ಹಾಕಿದರೆ ತಾಲ್ಲೂಕಿನವರೆಗೂ ಮುಟ್ಟುತ್ತದೆ. ಇದು ಸಣ್ಣ ಮಾತಲ್ಲ.

ಆದರೆ ಗ್ರೂಪಿನ ಮೆಸೇಜಿಗೆ ಉತ್ತರ ಕೊಡಲೇಬೇಕೆಂದು ಯಾವ ಅಧಿಕಾರಿಗೂ ಇಲ್ಲ. ಗ್ರಾಮಸಭೆಯಲ್ಲಿ ಕೇಳಿದ್ದು ನಡಾವಳಿ ಪುಸ್ತಕಕ್ಕೆ ಏರುತ್ತದೆ. ಮುಂದಿನ ಸಭೆಯಲ್ಲಿ ಅದನ್ನೇ ತೆಗೆದು ತೋರಿಸಿ ಏನಾಯಿತು ಎಂದು ಕೇಳಬಹುದು. ಗ್ರೂಪಿನಲ್ಲಿ ಇಲ್ಲದ ಅಜ್ಜಿಗೂ, ಮನೆಯ ಒಂದೇ ಫೋನು ಮಗನ ಕೈಯಲ್ಲಿರುವ ತಾಯಿಗೂ ಅಲ್ಲಿ ಕೈಯೆತ್ತುವ ಹಕ್ಕಿದೆ. ಅಡ್ಮಿನ್ ಯಾರನ್ನೂ ರಿಮೂವ್ ಮಾಡುವಂತಿಲ್ಲ.

ಆದ್ದರಿಂದ ನಮ್ಮದೊಂದು ಮಾತು. ಮುಂದಿನ ಗ್ರಾಮಸಭೆಯ ದಿನಾಂಕವನ್ನು ನಿಮ್ಮೂರಿನ ಎಲ್ಲ ಪಕ್ಷಗಳ ಗ್ರೂಪಿಗೂ ಹಾಕಿ. ಕೆಳಗೆ ಮೂರು ಪ್ರಶ್ನೆ ಬರೆಯಿರಿ: ನೀರು, ಕೂಲಿ, ಶಾಲೆ. ಫೋನು ಹೊಲದಲ್ಲಿದ್ದವರನ್ನೂ ಸಭೆಗೆ ಕರೆತರಲಿ. ಜಗಳ ಆಡುವುದಿದ್ದರೆ ಅಲ್ಲೇ, ಪಿಡಿಒ ಎದುರಿಗೇ ಆಡೋಣ.