ಎಕ್ಸ್‌-ರೇ ನಾರ್ಮಲ್ಲಂತೆ, ಕುತ್ತಿಗೆ ಮಾತ್ರ ತಿರುಗೋಲ್ಲ!

ಹಿಂದಿನಿಂದ ಗಾಡಿ ಗುದ್ದಿದಾಗ ತಲೆ ಚಾಟಿಯ ಹಾಗೆ ಹಿಂದಕ್ಕೂ ಮುಂದಕ್ಕೂ ಬೀಸಿ ಕುತ್ತಿಗೆಗೆ ಆಗುವ ಪೆಟ್ಟೇ ವಿಪ್‌ಲ್ಯಾಶ್. ಏಟು ಬೀಳೋದು ಹೆಚ್ಚಾಗಿ ಸ್ನಾಯುಗಳಿಗೆ. ಎಕ್ಸ್‌-ರೇಯಲ್ಲಿ ಕಾಣೋದು ಮೂಳೆ. ನೋವು ಎಷ್ಟೋ ಸಲ ಶುರುವಾಗೋದೇ ಮಾರನೇ ದಿನ. ಆದರೂ ಈ ಮುಂಬಯಿಯಲ್ಲಿ ನಾನು ಕಂಡ ಕ್ಲೇಮುಗಳಲ್ಲಿ ವಿಮಾ ವಕೀಲರದ್ದು ಒಂದೇ ಮಂತ್ರ: "ಎಕ್ಸ್‌-ರೇ ನಾರ್ಮಲ್." ಮೂಳೆ ಮುರಿಯದಿದ್ದರೆ ನೋವೇ ಇಲ್ಲವೇ ಸ್ವಾಮಿ?

ಎರಡನೇ ಆಟ ಪರ್ಸೆಂಟಿನದು. ಸರ್ಟಿಫಿಕೇಟಿನಲ್ಲಿ 10 ಪರ್ಸೆಂಟ್ ಅಂತಿದ್ದರೆ ದುಡಿಮೆಯ ನಷ್ಟವೂ ಅಷ್ಟೇ ಅಂತೆ! ಹಾಗೆ ಯಾಂತ್ರಿಕವಾಗಿ ಲೆಕ್ಕ ಹಾಕಬೇಡಿ ಎಂದು ಸುಪ್ರೀಂ ಕೋರ್ಟ್ 2010ರ ಅಕ್ಟೋಬರಿನಲ್ಲೇ ಹೇಳಿದೆ. ಎಡಗೈ ಹೋದರೆ ಡ್ರೈವರ್, ಬಡಗಿಯ ಸಂಪಾದನೆ ಹೆಚ್ಚುಕಮ್ಮಿ ಪೂರ್ತಿ ಹೋಗಬಹುದು. ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ಇದು ಕೋರ್ಟೇ ಕೊಟ್ಟ ಉದಾಹರಣೆ. ಕುತ್ತಿಗೆಗೂ ಇದೇ ನ್ಯಾಯ ತಾನೇ? ಹಿಂದೆ ತಿರುಗಿ ನೋಡಲಾಗದ ಟ್ಯಾಕ್ಸಿಯವನು, ಪಾತ್ರೆ ಎತ್ತಲಾಗದ ಹೋಟೆಲ್ ಹುಡುಗ ಏನು ಮಾಡಬೇಕು?

ನಮ್ಮವರೇ "ಕೊಟ್ಟಷ್ಟು ತಗೊಂಡು ಸುಮ್ಮನಿರಿ ಮಾರಾಯ್ರೆ" ಅಂತಾರಲ್ಲ, ನನಗೆ ಸಿಟ್ಟು ಬರೋದು ಅಲ್ಲಿ. ಸುಮ್ಮನಿರಬೇಡಿ. ನೋವು ಶುರುವಾದ ದಿನವೇ ಡಾಕ್ಟರಿಗೆ ತೋರಿಸಿ. ಕುತ್ತಿಗೆ ಎಷ್ಟು ತಿರುಗುತ್ತೆ, ಯಾವ ಕೆಲಸ ಆಗೋಲ್ಲ ಅಂತ ಬರೆಸಿಕೊಳ್ಳಿ. ಫಿಸಿಯೋಥೆರಪಿ ಬಿಲ್ಲು ಎಸೆಯಬೇಡಿ. ಊರಿಗೆ ಹೋಗುವಾಗ ಹುಬ್ಬಳ್ಳಿ ಹತ್ತಿರ ಅಪಘಾತವಾದರೂ ನೀವು ವಾಸವಿರೋ ಊರಿನ ಟ್ರಿಬ್ಯೂನಲ್‌ನಲ್ಲೇ ಅರ್ಜಿ ಹಾಕಬಹುದು, ಕಾನೂನಿದೆ.

ನಾರ್ಮಲ್ ಅಂತ ಬರೆದಿರೋದು ಫಿಲ್ಮಿನ ಬಗ್ಗೆ, ನಿಮ್ಮ ಬದುಕಿನ ಬಗ್ಗೆ ಅಲ್ಲ. ಏನಂತೀರಾ?